ನಾಲ್ಕೂ ಚಕ್ರ ತಿರುಗಿದರೆ ಸಾಕೆ?

ಕಳೆದ ಮಳೆಗಾಲದಲ್ಲಿ, ಅಡಿಕೆಗೆ ಎರಡನೆಯ ಸಲ ಬೋರ್ಡೋ ಹೊಡೆದು ಮುಗಿಸಿದ ದಿನ, ನೆರೆಮನೆಯ ಹಿರಿಯರು ನಮ್ಮ ಜಗಲಿಗೆ ಬಂದು ಕುಳಿತರು. ಔಷಧಿಯ ನೀಲಿ ಇನ್ನೂ ಅವರ ಉಗುರುಗಳಲ್ಲಿತ್ತು. ಕವಳ ಹಾಕಿಕೊಂಡು ಸ್ವಲ್ಪ ಹೊತ್ತು ಮಳೆಯನ್ನು ನೋಡಿ, ನಂತರ ಬಂದ ವಿಷಯಕ್ಕೆ ಇಳಿದರು.

"ನೀವು ಅಮೆರಿಕದಲ್ಲಿದ್ದಾಗ ನಾಲ್ಕೂ ಚಕ್ರ ಎಳೆಯೋ ಕಾರು ಇಟ್ಟುಕೊಂಡಿದ್ರಂತಲ್ಲ ಮಾರಾಯ್ರೆ. ನಮ್ಮ ಹುಡುಗ ಈಗ ಅಂಥದ್ದೇ ಬೇಕು ಅಂತ ಕೂತಿದ್ದಾನೆ. ಎತ್ತರದ್ದು. ಇಪ್ಪತ್ತು ಲಕ್ಷ ದಾಟ್ತದಂತೆ. ನಮ್ಮ ಮನೆ ಏರಿಗೆ ಅದು ಬೇಕೇ ಬೇಕಾ?"

ಹೌದು ಎಂದೋ ಅಲ್ಲ ಎಂದೋ ಒಂದೇ ಮಾತಿನಲ್ಲಿ ಉತ್ತರಿಸಲು ನನ್ನಿಂದಾಗಲಿಲ್ಲ. ಅಂದು ಅವರಿಗೆ ಅರೆಬರೆಯಾಗಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಸೊಪ್ಪಿನಬೆಟ್ಟ, ಕೆರೆ, ಕಾನುಗಳ ವಿಷಯ ಬರುವ ಈ ಪುಟಗಳಲ್ಲಿ ಕಾರಿನ ಪುರಾಣವೇಕೆ ಎಂದು ಓದುಗ ಮಿತ್ರರಿಗೆ ಅನ್ನಿಸಬಹುದು. ಆದರೆ ಗುಡ್ಡಗಾಡಿನಲ್ಲಿ ವಾಸಿಸುವವರು ಎಂಥ ವಾಹನವನ್ನು 'ಅಗತ್ಯ'ವೆಂದು ನಂಬುತ್ತಾರೆ ಎಂಬುದರ ಮೇಲೆ ಆ ಗುಡ್ಡದ ರಸ್ತೆ, ಹಳ್ಳ, ಹುಲ್ಲುಗಾವಲುಗಳ ಭವಿಷ್ಯವೂ ನಿಂತಿದೆ ಎಂದು ನಾನು ತಿಳಿದಿದ್ದೇನೆ.

2010ರ ಆಗಸ್ಟ್ ತಿಂಗಳಲ್ಲಿ ಸಂಶೋಧನೆಗಾಗಿ ನಾನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿಗೆ ಹೋದೆ. ನ್ಯೂಯಾರ್ಕ್ ಎಂದೊಡನೆ ಕಣ್ಣಿಗೆ ಬರುವ ಗಗನಚುಂಬಿಗಳ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಮನದಿಗಳು ಕೆತ್ತಿದ ಉದ್ದನೆಯ ಕಯೂಗಾ ಸರೋವರದ ದಕ್ಷಿಣದ ತುದಿಯಲ್ಲಿ, ಮೂರು ಕಡೆ ಗುಡ್ಡಗಳ ನಡುವೆ ಕುಳಿತಿರುವ ಸಣ್ಣ ಊರು ಅದು. ಕಾರ್ನೆಲ್ ವಿಶ್ವವಿದ್ಯಾಲಯ ಪೂರ್ವದ ಗುಡ್ಡದ ನೆತ್ತಿಯಲ್ಲಿದೆ, ಪೇಟೆ ಕೆಳಗಿದೆ. ಎರಡರ ನಡುವಿನ ಬೀದಿಗಳನ್ನು ಕಂಡಾಗ ನನಗೆ ನೆನಪಾದದ್ದು ನಮ್ಮ ಆಗುಂಬೆಯ ತಿರುವುಗಳೇ. ವ್ಯತ್ಯಾಸವಿಷ್ಟೆ: ಅಲ್ಲಿಯವರು ತಿರುವುಗಳ ಗೋಜಿಗೆ ಹೋಗದೆ ರಸ್ತೆಯನ್ನು ನೇರವಾಗಿ ಗುಡ್ಡಕ್ಕೆ ಆನಿಸಿಬಿಟ್ಟಿದ್ದಾರೆ. ನನ್ನ ಕೆಲಸ ಫೈಟಾಫ್ತೊರಾ ಕುಲದ ರೋಗಾಣುಗಳ ಮೇಲೆ. ನಮ್ಮ ಅಡಿಕೆಯ ಕೊಳೆರೋಗಕ್ಕೂ ಕಾಳುಮೆಣಸಿನ ಸೊರಗು ರೋಗಕ್ಕೂ ಕಾರಣವಾದ ಕುಲವೇ ಅದು. ಅಲ್ಲಿ ಕುಂಬಳ, ದೊಣ್ಣೆಮೆಣಸಿನ ಹೊಲಗಳನ್ನು ಕೊಳೆಸುತ್ತದೆ. ವಾರಕ್ಕೆ ಎರಡು ಸಲವಾದರೂ ಸುಮಾರು 70 ಕಿಲೋಮೀಟರ್ ದೂರದ ಜಿನೀವಾ ಪಟ್ಟಣದ ಕೃಷಿ ಪ್ರಯೋಗ ಕೇಂದ್ರಕ್ಕೆ ಹೋಗಿಬರಬೇಕಿತ್ತು. ಹೊಲದ ದಾರಿ, ಬಸ್ಸಿಲ್ಲ, ನವೆಂಬರಿನಿಂದ ಏಪ್ರಿಲಿನವರೆಗೆ ಹಿಮ.

"ಕಾರು ಕೊಳ್ಳುವುದಾದರೆ ಸುಬಾರು ಕೊಳ್ಳು" ಎಂದು ಪ್ರಯೋಗಾಲಯದಲ್ಲಿ ಎಲ್ಲರೂ ಹೇಳಿದರು. ನಮ್ಮಲ್ಲಿ ಹಿಂದೆ ಘಟ್ಟದ ಮೇಲಿನ ಎಸ್ಟೇಟುಗಳಲ್ಲಿ ಮಹೀಂದ್ರಾ ಜೀಪಿಗೆ ಯಾವ ಸ್ಥಾನವಿತ್ತೋ ಅಲ್ಲಿ ಈ ಜಪಾನಿ ಕಂಪನಿಯ ಕಾರುಗಳಿಗೆ ಅದೇ ಸ್ಥಾನ. ಎಂಬತ್ತು ಸಾವಿರ ಮೈಲಿ ಓಡಿದ್ದ 2006ರ ಲೆಗಸಿ ಎಂಬ ಸೆಡಾನ್ ನನ್ನ ಪಾಲಿಗೆ ಬಂತು. ಸೆಡಾನ್ ಎಂದರೆ ಹಿಂದೆ ಪ್ರತ್ಯೇಕ ಡಿಕ್ಕಿ ಇರುವ, ನೆಲಕ್ಕೆ ತಗ್ಗಾದ ಮಾಮೂಲು ಕಾರು. ನೋಡಲು ಯಾವ ಗುಮಾಸ್ತರ ಮನೆಯ ಮುಂದಾದರೂ ನಿಂತಿರಬಹುದಾದ ಸಾಧು ವಾಹನ. ಆದರೆ ಅದರ ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಸದಾಕಾಲ ಹರಿಯುತ್ತಿತ್ತು. ಜೀಪಿನಲ್ಲಿರುವಂತೆ ಸಣ್ಣ ಗೇರು ಎಳೆದು ನಾಲ್ಕು ಚಕ್ರಕ್ಕೆ ಬದಲಾಯಿಸುವ ಕೆಲಸವಿಲ್ಲ. ಗೇರುಪೆಟ್ಟಿಗೆಯ ಹಿಂಬದಿಯಲ್ಲಿ ತೆಳುಬಿಲ್ಲೆಗಳ ಒಂದು ಕ್ಲಚ್ಚು ಇದ್ದು, ಅದು ಬಿಗಿಯಾದಷ್ಟೂ ಹಿಂದಿನ ಚಕ್ರಗಳಿಗೆ ಹೆಚ್ಚು ಬಲ, ಸಡಿಲಾದಷ್ಟೂ ಕಡಿಮೆ. ಬಿಗಿ-ಸಡಿಲಗಳ ನಿರ್ಧಾರವನ್ನು ಕಂಪ್ಯೂಟರು ಕ್ಷಣಕ್ಷಣವೂ ಮಾಡುತ್ತಿರುತ್ತದೆ. ಓಡಿಸುವವನಿಗೆ ಏನೊಂದೂ ಗೊತ್ತಾಗುವುದಿಲ್ಲ. ಈ ಗೊತ್ತಾಗದಿರುವಿಕೆಯ ಬಗ್ಗೆ ಮುಂದೆ ಹೇಳುತ್ತೇನೆ.

ಈ ಯಂತ್ರವಿದ್ಯೆಯ ಮೂಲವನ್ನು ಕೆದಕಿದಾಗ ಕೃಷಿ ವಿಜ್ಞಾನಿಯಾದ ನನಗೆ ಸಂತೋಷವೇ ಆಯಿತು. ನೇಗಿಲನ್ನು ಟ್ರಾಕ್ಟರಿಗೆ ಮೂರು ಬಿಂದುಗಳಲ್ಲಿ ಜೋಡಿಸುವ ವಿಧಾನವನ್ನು ಕೊಟ್ಟ ಹ್ಯಾರಿ ಫರ್ಗ್ಯುಸನ್ — ನಮ್ಮ ಊರುಗಳ 'ಮ್ಯಾಸಿ' ಟ್ರಾಕ್ಟರಿನ ಹೆಸರಿನ ಉತ್ತರಾರ್ಧ — ತನ್ನ ಕೊನೆಯ ವರ್ಷಗಳನ್ನು ಕಳೆದದ್ದು ಸಾಮಾನ್ಯ ರಸ್ತೆಯ ಕಾರಿಗೆ ನಾಲ್ಕು ಚಕ್ರದ ಚಾಲನೆ ಕೊಡುವ ಪ್ರಯತ್ನದಲ್ಲಿ. ಆತ 1960ರಲ್ಲಿ ತೀರಿಕೊಂಡ. ಮರುವರ್ಷ ಅವನ ಸಂಸ್ಥೆ ಕಟ್ಟಿದ್ದ ರೇಸ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಗೆದ್ದ. 1966ರಲ್ಲಿ ಅದೇ ವಿಧಾನವನ್ನು ಬಳಸಿದ ಜೆನ್ಸೆನ್ ಎಫ್‌ಎಫ್ ಎಂಬ ಕಾರು ಮಾರಾಟಕ್ಕೆ ಬಂತು. ಗಮನಿಸಬೇಕಾದ ಸಂಗತಿಯೆಂದರೆ ನಾಲ್ಕು ಚಕ್ರದ ಚಾಲನೆಯ ಜೊತೆಗೆ ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಬ್ರೇಕನ್ನೂ ಅದರಲ್ಲಿ ಅಳವಡಿಸಿದ್ದರು. ಹೋಗುವ ಶಕ್ತಿ ಕೊಟ್ಟಮೇಲೆ ನಿಲ್ಲುವ ಶಕ್ತಿಯನ್ನೂ ಕೊಡಬೇಕೆಂಬ ಪ್ರಜ್ಞೆ ಆ ಕಾಲದವರಿಗಿತ್ತು.

ಸುಬಾರುವಿನ ಕಥೆ ಇನ್ನೂ ಸರಳ. ಜಪಾನಿನ ಈಶಾನ್ಯದ ತೊಹೊಕು ಪ್ರದೇಶದಲ್ಲಿ ಹಿಮ ವಿಪರೀತ. ಅಲ್ಲಿನ ವಿದ್ಯುತ್ ಕಂಪನಿಗೆ ಗುಡ್ಡದ ಲೈನುಗಳ ದುರಸ್ತಿಗೆ ಚಳಿಗಾಲದಲ್ಲೂ ಹೋಗಬಲ್ಲ, ಜೀಪಿನಷ್ಟು ಒರಟಲ್ಲದ ವಾಹನ ಬೇಕಿತ್ತು. ಅವರ ಕೋರಿಕೆಯಿಂದ ಆರಂಭವಾದ ಪ್ರಯೋಗ 1972ರಲ್ಲಿ ಲಿಯೋನ್ ಎಂಬ ನಾಲ್ಕು ಚಕ್ರ ಚಾಲನೆಯ ಕಾರಾಗಿ ಹೊರಬಂತು. ಅಂದರೆ ನಮ್ಮ ಲೈನ್‌ಮನ್‌ಗಳಂಥವರ ಅಗತ್ಯದಿಂದ ಹುಟ್ಟಿದ ಕಾರು ಇದು. ವಾರಾಂತ್ಯದ ಶೋಕಿಯಿಂದ ಹುಟ್ಟಿದ್ದಲ್ಲ.

ನನ್ನ ಲೆಗಸಿ ನನಗೆ ಕೊಟ್ಟದ್ದನ್ನು ಮೊದಲು ಹೇಳಬೇಕು. ಐದು ಚಳಿಗಾಲಗಳಲ್ಲಿ ಒಂದು ದಿನವೂ ಅದು ಏರಿನಲ್ಲಿ ಕೈಕೊಡಲಿಲ್ಲ. ಮುಂದಿನ ಚಕ್ರದ ಕಾರುಗಳು ಅರ್ಧ ಏರಿ, ಗಿರ್ರನೆ ಸುತ್ತಿ, ಅಡ್ಡಡ್ಡ ನಿಂತುಬಿಡುತ್ತಿದ್ದ ಬೀದಿಯಲ್ಲಿ ಇದು ಹಸುವಿನ ಹಾಗೆ ಒಂದೇ ನಡೆಯಲ್ಲಿ ಹತ್ತಿಹೋಗುತ್ತಿತ್ತು. ಒಂದು ರಾತ್ರಿ ಮೊಣಕಾಲೆತ್ತರದ ಹಿಮದಲ್ಲಿ, ಮೇಲಿನ ಮನೆಯಲ್ಲಿದ್ದ ಧಾರವಾಡದ ಕಡೆಯ ಹುಡುಗನೊಬ್ಬನ ಹೆಂಡತಿಗೆ ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ಕಾರು. 2015ರ ಫೆಬ್ರುವರಿಯಲ್ಲಿ ಈಶಾನ್ಯ ಅಮೆರಿಕದ ಅನೇಕ ಊರುಗಳಲ್ಲಿ ದಾಖಲೆಯ ಚಳಿ ಬಿದ್ದಾಗ ಇಥಾಕಾದ ಪ್ರವಾಸೋದ್ಯಮ ಕಚೇರಿಯವರೇ ಸೋಲೊಪ್ಪಿಕೊಂಡು, ನಮ್ಮಲ್ಲಿಗೆ ಬರಬೇಡಿ, ಫ್ಲಾರಿಡಾದ ಕೀ ವೆಸ್ಟಿಗೆ ಹೋಗಿ ಎಂದು ತಮಾಷೆಗೆ ಪ್ರಕಟಿಸಿದ್ದರು. ಆ ತಿಂಗಳೂ ನಾನು ಜಿನೀವಾಕ್ಕೆ ಹೋಗಿಬಂದೆ. ನೆಲದಿಂದ ಒಂದು ಗೇಣಿಗಿಂತ ತಗ್ಗಿನಲ್ಲಿದ್ದ ಸೆಡಾನಿನಲ್ಲಿ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನು ಎರಡನೆಯ ಚಳಿಗಾಲದ ಒಂದು ಬೆಳಗಿನ ಸಂಗತಿ. ಜನವರಿ. ಹಿಂದಿನ ದಿನ ಕರಗಿದ್ದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಮೇಲೆ ತೆಳ್ಳಗೆ ಹೊಸ ಹಿಮ ಬಿದ್ದಿತ್ತು. ಮನೆಯಿಂದ ಹೊರಟು ಒಂದು ಏರು ಹತ್ತಿದೆ, ಏನೂ ತೊಂದರೆಯಿಲ್ಲ. ಚಕ್ರ ಒಂದಿಷ್ಟೂ ಗುರುಗುಟ್ಟಲಿಲ್ಲ. ಹಾಗಾಗಿ ರಸ್ತೆ ಚೆನ್ನಾಗಿದೆಯೆಂದೇ ಭಾವಿಸಿ ಪೇಟೆಯ ಕಡೆಗಿನ ಇಳಿಜಾರಿಗೆ ಬಿಟ್ಟೆ. ವೇಗ ನಲವತ್ತು ಕಿಲೋಮೀಟರು ಇದ್ದಿರಬಹುದು. ಕೆಳಗೆ ಸಿಗ್ನಲ್ ಕೆಂಪಾಯಿತು. ಬ್ರೇಕು ಒತ್ತಿದೆ. ಪಾದದಡಿಯಲ್ಲಿ ಪೆಡಲು ಕಟಕಟನೆ ನಡುಗಿತು, ಕಾರು ಮಾತ್ರ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಸಿಗ್ನಲಿನ ಬಳಿ ಒಬ್ಬ ತಾಯಿ, ಕೆಂಪು ಟೊಪ್ಪಿಗೆಯ ಮಗುವಿನ ಕೈಹಿಡಿದು ರಸ್ತೆಗೆ ಕಾಲಿಟ್ಟಿದ್ದಳು. ಹಾರ್ನು ಒತ್ತಿದೆ. ಆಕೆ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ಅವರ ಮುಂದಿನಿಂದ, ಆರೇಳು ಅಡಿ ದೂರದಲ್ಲಿ, ಮೆಲ್ಲಗೆ, ಬಹಳ ಮೆಲ್ಲಗೆ ಜಾರಿಕೊಂಡು ಹೋಗಿ ಚೌಕದ ಆಚೆ ಹಿಮದ ರಾಶಿಗೆ ಮೂಗು ತಾಗಿಸಿ ನಿಂತೆ. ಇಳಿದು ಕ್ಷಮೆ ಕೇಳಲು ಹೋದಾಗ ಆಕೆ ಏನೂ ಅನ್ನಲಿಲ್ಲ. ಮಗು ನಗುತ್ತಿತ್ತು. ನನ್ನ ಕೈ ಮಧ್ಯಾಹ್ನದವರೆಗೂ ನಡುಗುತ್ತಿತ್ತು.

ಕಾರಿನ ತಪ್ಪೇನೂ ಇರಲಿಲ್ಲ. ಅದರ ಬ್ರೇಕು ಸರಿಯಾಗಿಯೇ ಕೆಲಸ ಮಾಡಿತ್ತು. ತಪ್ಪಿದ್ದು ನನ್ನ ಲೆಕ್ಕ.

ಆ ಲೆಕ್ಕವನ್ನು ಆಮೇಲೆ ಕುಳಿತು ಹಾಕಿದೆ. ಟೈರಿಗೂ ರಸ್ತೆಗೂ ನಡುವಿನ ಘರ್ಷಣಾಂಕ ಒಣ ಡಾಂಬರಿನ ಮೇಲೆ ಸುಮಾರು 0.7. ತುಳಿದು ನುಣುಪಾದ ಹಿಮದ ಮೇಲೆ ಅದು 0.15ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಮುಂದಿನ ಎರಡೇ ಚಕ್ರ ಎಳೆಯುವ ಕಾರಿನಲ್ಲಿ ಆ ಚಕ್ರಗಳ ಮೇಲೆ ಬೀಳುವುದು ಕಾರಿನ ಭಾರದ ನೂರಕ್ಕೆ ಅರವತ್ತು ಪಾಲು. ಆದ್ದರಿಂದ ಅದು ಹತ್ತಬಲ್ಲದ್ದು ನೂರು ಅಡಿಗೆ ಹೆಚ್ಚೆಂದರೆ ಒಂಬತ್ತು ಅಡಿ ಏರುವ ರಸ್ತೆಯನ್ನು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಪೂರ್ತಿ ಭಾರ ಕೆಲಸಕ್ಕೆ ಬರುತ್ತದೆ, ನೂರಕ್ಕೆ ಹದಿನೈದು ಅಡಿಯವರೆಗೂ ಹತ್ತುತ್ತದೆ. ಇದು ನಿಜವಾದ ಲಾಭ, ಇದರಲ್ಲಿ ಎರಡು ಮಾತಿಲ್ಲ.

ಇಳಿಯುವಾಗ? ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಅಲ್ಲಿ ಆಲ್-ವೀಲ್-ಡ್ರೈವ್ ಕಾರಿಗೆ ಕವಡೆಯಷ್ಟೂ ಹೆಚ್ಚಿನ ಅನುಕೂಲವಿಲ್ಲ. ಒಣ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ವೇಗದಲ್ಲಿ, ನಾನು ಹೇಳಿದ ಹಿಮದಲ್ಲಿ, ನೂರಕ್ಕೆ ಒಂಬತ್ತರ ಇಳಿಜಾರಿನಲ್ಲಿ ಅದಕ್ಕೆ ಬೇಕಾಗುವುದು ಸುಮಾರು 105 ಮೀಟರು! ನೂರಕ್ಕೆ ಹದಿನೈದರ ಇಳಿಜಾರಿನಲ್ಲಾದರೋ ನಿಲ್ಲುವ ಪ್ರಶ್ನೆಯೇ ಇಲ್ಲ; ಗುಡ್ಡ ಎಳೆಯುವ ಬಲವೂ ಟೈರು ಹಿಡಿಯುವ ಬಲವೂ ಸರಿಸಮ. ಅಂದರೆ ಎರಡು ಚಕ್ರದ ಬಡ ಕಾರು 'ನನ್ನಿಂದಾಗದು' ಎಂದು ಕೆಳಗೇ ನಿಂತುಬಿಡುವ ಗುಡ್ಡಕ್ಕೆ ನಾಲ್ಕು ಚಕ್ರದ ಕಾರು ನಮ್ಮನ್ನು ಲೀಲಾಜಾಲವಾಗಿ ಹತ್ತಿಸುತ್ತದೆ. ಇಳಿಸುವ ಜವಾಬ್ದಾರಿಯನ್ನು ಮಾತ್ರ ಹೊರುವುದಿಲ್ಲ.

ಮೇಲೆ ಹೇಳಿದ ಗೊತ್ತಾಗದಿರುವಿಕೆ ಇದೇ. ಮಾಮೂಲು ಕಾರಿನಲ್ಲಿ ಹೊರಡುವಾಗಲೇ ಚಕ್ರ ಒಂದು ಸುತ್ತು ಹುಸಿಯಾಗಿ ತಿರುಗಿ, ಇಂದು ರಸ್ತೆ ಜಾರುತ್ತಿದೆ ಎಂದು ಚಾಲಕನಿಗೆ ಸುದ್ದಿ ಮುಟ್ಟಿಸುತ್ತದೆ. ನನ್ನ ಕಾರಿನ ಜಾಣ ಕ್ಲಚ್ಚು ಆ ಸುದ್ದಿಯನ್ನು ದಾರಿಯಲ್ಲೇ ತಡೆದುಬಿಟ್ಟಿತ್ತು. ಕೀಟನಾಶಕ ಹೊಡೆದು ಎಲೆ ಹಸಿರಾಗಿ ಕಂಡೊಡನೆ ಬೇರು ಆರೋಗ್ಯವಾಗಿದೆಯೆಂದು ಭಾವಿಸುವ ರೈತನಿಗೂ ನನಗೂ ಅಂದು ವ್ಯತ್ಯಾಸವಿರಲಿಲ್ಲ.

ಪ್ರಯೋಗ ಕೇಂದ್ರದ ಹೊಲ ನೋಡಿಕೊಳ್ಳುತ್ತಿದ್ದ ಹಿರಿಯ ಸಹಾಯಕರೊಬ್ಬರು ಈ ಕಥೆ ಕೇಳಿ ಕಾರನ್ನು ಒಂದು ಸುತ್ತು ಹಾಕಿ, ಬಗ್ಗಿ ಟೈರನ್ನು ಉಗುರಿನಿಂದ ಒತ್ತಿ ನೋಡಿದರು. ನನ್ನದು ಎಲ್ಲ ಋತುಗಳಿಗೂ ಆಗುತ್ತದೆಂದು ಮಾರುವ ಟೈರು. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲು ಟೈರಿನ ರಬ್ಬರು ಬಿರುಸಾಗಿಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರೇ ಬೇರೆ. ಅದು ಮೆತ್ತಗುಳಿದು ರಸ್ತೆಯನ್ನು ಕಚ್ಚುತ್ತದೆ, ಅದರ ಮೈಮೇಲೆ ಸಾವಿರಾರು ಸಣ್ಣ ಸೀಳುಗಳಿರುತ್ತವೆ. ಆ ಶನಿವಾರವೇ ನಾಲ್ಕು ಚಳಿಗಾಲದ ಟೈರು ಹಾಕಿಸಿದೆ. ಆಮೇಲೆ ನನಗಾದ ಅನುಭವವನ್ನು ಹೇಳುವುದಾದರೆ, ನಾಲ್ಕು ಚಕ್ರದ ಚಾಲನೆಯಿಂದ ಕಂಡ ವ್ಯತ್ಯಾಸಕ್ಕಿಂತ ನಾಲ್ಕು ಟೈರುಗಳಿಂದ ಕಂಡ ವ್ಯತ್ಯಾಸವೇ ದೊಡ್ಡದು. ಏಕೆಂದರೆ ಟೈರು ಹತ್ತುವಾಗಲೂ ಇಳಿಯುವಾಗಲೂ ತಿರುಗುವಾಗಲೂ ದುಡಿಯುತ್ತದೆ. ಊರಿನ ಅನೇಕ ಮುದುಕಿಯರು ಹಳೆಯ ಮುಂದಿನ-ಚಕ್ರದ ಕಾರುಗಳಿಗೆ ಇಂಥ ಟೈರು ಹಾಕಿಸಿಕೊಂಡು, ನಿಧಾನವಾಗಿ, ನಲವತ್ತು ಚಳಿಗಾಲ ಕಳೆದಿದ್ದರು. ಅವರನ್ನು ಯಾರೂ ಜಾಹೀರಾತಿನಲ್ಲಿ ತೋರಿಸುವುದಿಲ್ಲ.

ಟೈರಿನ ಮಾತು ಬಂದಮೇಲೆ ಇನ್ನೊಂದು ಸಂಗತಿ. ಆಲ್-ವೀಲ್-ಡ್ರೈವ್ ಕಾರಿನಲ್ಲಿ ನಾಲ್ಕೂ ಟೈರು ಒಂದೇ ಸಮ ಸವೆದಿರಬೇಕು. ಸುತ್ತಳತೆಯಲ್ಲಿ ಕಾಲು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ನಡುವಿನ ಕ್ಲಚ್ಚು ಬಿಡುವಿಲ್ಲದೆ ಉಜ್ಜಿ ಹಾಳಾಗುತ್ತದೆ. ಒಮ್ಮೆ ಬೇಸಿಗೆಯಲ್ಲಿ ಒಂದು ಟೈರಿನ ಪಕ್ಕಕ್ಕೆ ಕಬ್ಬಿಣದ ಚೂರು ಹೊಕ್ಕು ಅದು ದುರಸ್ತಿಗೆ ಆಗದಂತಾಯಿತು. ಉಳಿದ ಮೂರು ಅರ್ಧ ಸವೆದಿದ್ದವು. ಅಂಗಡಿಯವನು ಕೊಟ್ಟ ಆಯ್ಕೆ ಎರಡು: ನಾಲ್ಕನ್ನೂ ಹೊಸದು ಹಾಕಿಸಿ ಒಳ್ಳೆಯ ಮೂರನ್ನು ಎಸೆಯುವುದು, ಇಲ್ಲವೇ ಹೊಸ ಟೈರೊಂದನ್ನು ಯಂತ್ರದಲ್ಲಿ ಹೆರೆದು ಹಳೆಯದರ ಮಟ್ಟಕ್ಕೆ ಇಳಿಸುವುದು. ಹೊಚ್ಚಹೊಸ ಟೈರನ್ನು ಬೇಕೆಂದೇ ಸವೆಸುವ ಯಂತ್ರವೂ ಉಂಟೆಂದು ನನಗೆ ತಿಳಿದದ್ದು ಅಂದೇ. ಹೆರೆಸಿದೆ. ಕಪ್ಪು ಸುರುಳಿಗಳು ಕೆಳಗೆ ಬೀಳುವುದನ್ನು ನೋಡುತ್ತಿದ್ದಾಗ ಸುಳ್ಯದ ಕಡೆ ಬೆಳಗಿನ ಜಾವ ಹಣೆಗೆ ದೀಪ ಕಟ್ಟಿಕೊಂಡು ರಬ್ಬರು ಹಾಲು ತೆಗೆಯುವವರು ಕಣ್ಣಮುಂದೆ ಬಂದರು. ಟೈರು ಸವೆದದ್ದು ಎಲ್ಲಿಗೂ ಹೋಗುವುದಿಲ್ಲ, ಹಳ್ಳಕ್ಕೆ ಸೇರುತ್ತದೆ. ಟೈರು ಸೀಳದಂತೆ ಬೆರೆಸುವ ಒಂದು ರಾಸಾಯನಿಕದಿಂದ ಹುಟ್ಟುವ ವಸ್ತುವೇ ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳಲ್ಲಿ ಕೋಹೋ ಸಾಲ್ಮನ್ ಮೀನುಗಳ ಸಾವಿಗೆ ಕಾರಣವೆಂದು 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ವಾಹನ ಭಾರವಾದಷ್ಟೂ ಈ ಸವೆತ ಹೆಚ್ಚು.

ಇಂಧನದ ಲೆಕ್ಕವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನನ್ನ ಕಾರು ಲೀಟರಿಗೆ ಹತ್ತು ಕಿಲೋಮೀಟರಿನ ಆಸುಪಾಸು ಕೊಡುತ್ತಿತ್ತು. ಒಂದೇ ಕಾರಿನ ಎರಡು ರೂಪಗಳನ್ನು ಹೋಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಟೊಯೋಟಾ ಕಂಪನಿಯ ಕ್ಯಾಮ್ರಿ ಸೆಡಾನ್ 2020ರಲ್ಲಿ ಅಮೆರಿಕದಲ್ಲಿ ಮತ್ತೆ ಆಲ್-ವೀಲ್-ಡ್ರೈವ್ ರೂಪದಲ್ಲಿ ಬಂತು. ಅಲ್ಲಿನ ಸರ್ಕಾರಿ ಅಂಕಿಯ ಪ್ರಕಾರ ಮುಂದಿನ-ಚಕ್ರದ ಸಾಮಾನ್ಯ ಕ್ಯಾಮ್ರಿಗೆ ಗ್ಯಾಲನ್ನಿಗೆ 32 ಮೈಲಿ, ನಾಲ್ಕು ಚಕ್ರದ್ದಕ್ಕೆ 29. ನಮ್ಮ ಲೆಕ್ಕದಲ್ಲಿ ಲೀಟರಿಗೆ 13.6 ಕಿಲೋಮೀಟರು 12.3ಕ್ಕೆ ಇಳಿಯುತ್ತದೆ. ವರ್ಷಕ್ಕೆ ಇಪ್ಪತ್ತು ದಿನ ಬೇಕಾಗುವ ಹಿಡಿತಕ್ಕಾಗಿ ಮುನ್ನೂರೈವತ್ತು ದಿನವೂ ಕೊಡುವ ಕಂದಾಯ ಇದು. ಹಿಮದ ನಾಡಿನಲ್ಲಿ ಅದನ್ನು ಕೊಡುವುದು ತಪ್ಪೆಂದು ನಾನು ಹೇಳಲಾರೆ, ಆ ಹೆರಿಗೆಯ ರಾತ್ರಿ ನನಗೆ ನೆನಪಿದೆ.

ಹಿಮದ ರಸ್ತೆಯನ್ನು ವಾಹನಗಳಿಗೆ ಹದಮಾಡಲು ಅಲ್ಲಿ ಸುರಿಯುವ ಉಪ್ಪಿನ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆಯಬಹುದು. ಕಾರಿನ ತಳವನ್ನು ತಿನ್ನುವುದು ಹಾಗಿರಲಿ, ಬಾವಿ ಹಳ್ಳಗಳನ್ನೂ ಅದು ಬಿಡುವುದಿಲ್ಲ. ಆ ರಾಜ್ಯದ ಉತ್ತರದ ಅಡಿರಾಂಡಾಕ್ ಬೆಟ್ಟಗಳಲ್ಲಿ ಮಿರರ್ ಎಂಬ ಪುಟ್ಟ ಸರೋವರವಿದೆ. ರಸ್ತೆಯ ಉಪ್ಪು ತಳದಲ್ಲಿ ಶೇಖರವಾಗಿ, ವಸಂತದಲ್ಲಿ ಮೇಲಿನ ನೀರು ಕೆಳಗಿಳಿದು ಬೆರೆಯುವ ಸಹಜ ಕ್ರಿಯೆಯೇ ಅಲ್ಲಿ ತಡೆಯಲ್ಪಟ್ಟದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. 2020ರಲ್ಲಿ ಆ ಪ್ರದೇಶದ ರಸ್ತೆ ಉಪ್ಪನ್ನು ತಗ್ಗಿಸುವ ಸಲುವಾಗಿ ರಾಜ್ಯ ಒಂದು ಕಾನೂನನ್ನೇ ಮಾಡಬೇಕಾಯಿತು. ಎಲ್ಲರೂ ಎಲ್ಲ ದಿನವೂ ಬೇಸಿಗೆಯ ವೇಗದಲ್ಲೇ ಹೋಗಬೇಕೆಂಬ ಹಟದ ಬೆಲೆ ಇದು.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ.

ನನ್ನ ಲೆಗಸಿಗೆ ಒಬ್ಬ ಎತ್ತರದ ಸೋದರನಿದ್ದ, ಔಟ್‌ಬ್ಯಾಕ್ ಎಂದು ಹೆಸರು. ಅದೇ ಅಡಿಪಾಯ, ಅದೇ ಎಂಜಿನ್ನು. 2004ರ ಜನವರಿಯಲ್ಲಿ ಒಂದು ಸುದ್ದಿ ಬಂತು: ಸುಬಾರು ತನ್ನ ಔಟ್‌ಬ್ಯಾಕ್ ಸೆಡಾನನ್ನೂ ಅದರ ವ್ಯಾಗನ್ ರೂಪವನ್ನೂ 'ಲಘು ಟ್ರಕ್' ಆಗಿ ಪರಿವರ್ತಿಸುತ್ತಿದೆ ಎಂದು. ಟ್ರಕ್ಕೆಂದರೆ ಸಾಮಾನು ಹೇರುವ ತೊಟ್ಟಿಯನ್ನೇನೂ ಜೋಡಿಸಲಿಲ್ಲ. ನೆಲದಿಂದ ಇನ್ನಷ್ಟು ಎತ್ತರಿಸಿದರು, ಅಷ್ಟೆ. ಅಮೆರಿಕದ ಇಂಧನ ನಿಯಮದಲ್ಲಿ ನಾಲ್ಕು ಚಕ್ರದ ಚಾಲನೆಯಿದ್ದು, ಐದು ಅಳತೆಗಳಲ್ಲಿ ನಾಲ್ಕನ್ನು ಪೂರೈಸಿದ ವಾಹನವನ್ನು ಕಾಡುದಾರಿಯ ವಾಹನವೆಂದು ಪರಿಗಣಿಸಿ ಟ್ರಕ್ಕುಗಳ ಸಾಲಿಗೆ ಸೇರಿಸುತ್ತಾರೆ. ಆ ಅಳತೆಗಳಲ್ಲೊಂದು ನೆಲದಿಂದ 20 ಸೆಂಟಿಮೀಟರ್ ಎತ್ತರ. ಉಳಿದವು ಮೂತಿ, ನಡು, ಬಾಲಗಳ ಕೋನಗಳು ಮತ್ತು ಅಚ್ಚಿನ ಎತ್ತರ. ಆ ಕಾಲದಲ್ಲಿ ಕಾರುಗಳು ಸರಾಸರಿ ಗ್ಯಾಲನ್ನಿಗೆ 27.5 ಮೈಲಿ ಕೊಡಬೇಕಿತ್ತು. ಲಘು ಟ್ರಕ್ಕುಗಳು 20.7 ಮೈಲಿ ಕೊಟ್ಟರೂ ಸಾಕಿತ್ತು. ಅಂದರೆ ಲೀಟರಿಗೆ 11.7ರ ಬದಲು 8.8 ಕಿಲೋಮೀಟರು. ನಾಲ್ಕು ಬಾಗಿಲಿನ, ಡಿಕ್ಕಿಯಿರುವ ಸೆಡಾನೊಂದು ಕೆಲವು ಅಂಗುಲ ಮೇಲೆದ್ದು, ಕಾನೂನಿನ ಕಣ್ಣಿನಲ್ಲಿ ಟ್ರಕ್ಕಾಗಿ, ಹೆಚ್ಚು ಇಂಧನ ಕುಡಿಯುವ ಪರವಾನಗಿ ಪಡೆಯಿತು! ತೊಹೊಕುವಿನ ಲೈನ್‌ಮನ್‌ಗಾಗಿ ಹುಟ್ಟಿದ ವಿದ್ಯೆ ಇಲ್ಲಿ ವಕೀಲರ ಕೈಯ ಕೀಲಿಕೈಯಾಯಿತು.

ಸುಬಾರು ಒಂದನ್ನೇ ದೂಷಿಸಿ ಫಲವಿಲ್ಲ. ಬಾಗಿಲು ತೆರೆದಿಟ್ಟದ್ದು ಕಾನೂನು, ಎಲ್ಲ ಕಂಪನಿಗಳೂ ಅದರೊಳಗೆ ನುಗ್ಗಿದವು. ಈಗ ಅಮೆರಿಕದಲ್ಲಿ ಮಾರಾಟವಾಗುವ ಹೊಸ ವಾಹನಗಳಲ್ಲಿ ಹೆಚ್ಚಿನ ಪಾಲು ಈ ಲಘು ಟ್ರಕ್ ವರ್ಗದವು. ಇಂಧನ ಮಿತಿ ಮೀರಿದ ಕಂಪನಿಗಳಿಗೆ ವಿಧಿಸುತ್ತಿದ್ದ ದಂಡವನ್ನೂ 2025ರ ಜುಲೈನ ಕಾನೂನು ಸೊನ್ನೆಗೆ ಇಳಿಸಿತು. 2024ರ ಏಪ್ರಿಲಿನಲ್ಲಿ ಲೆಗಸಿಯನ್ನು ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು. 1989ರಿಂದ ಇಂಡಿಯಾನಾ ರಾಜ್ಯದ ಲಾಫಯೆಟ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಸೆಡಾನು 2025ರಲ್ಲಿ ಕೊನೆಗೊಂಡಿತು. ಜನ ಕೊಳ್ಳುವುದನ್ನು ಬಿಟ್ಟಿದ್ದರು. ಹಿಮಕ್ಕೆ, ಗುಡ್ಡಕ್ಕೆ ಎತ್ತರದ ವಾಹನವೇ ಬೇಕೆಂದು ಅವರನ್ನು ನಂಬಿಸಿಯಾಗಿತ್ತು. ಐದು ಚಳಿಗಾಲ ಒಂದು ತಗ್ಗು ಸೆಡಾನಿನಲ್ಲಿ ಅದೇ ಗುಡ್ಡಗಳಲ್ಲಿ ಓಡಾಡಿದ ನನಗೆ ಆ ಸುದ್ದಿ ಓದಿ ಬೇಸರವಾಯಿತು. 2020ರ ಮಾದರಿಗಳಲ್ಲಿ ಒಂದೇ ಎಂಜಿನ್ನಿನ ಲೆಗಸಿ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 35 ಮೈಲಿ ಕೊಟ್ಟರೆ ಔಟ್‌ಬ್ಯಾಕ್ 33 ಕೊಡುತ್ತಿತ್ತು. ಗಾಳಿಗೆ ಎದೆಯೊಡ್ಡಿ ನಿಂತದ್ದಕ್ಕೆ ತೆರುವ ಬೆಲೆ. ಸಣ್ಣ ಅಂತರವೇ, ಕೋಟಿಗಟ್ಟಲೆ ವಾಹನಗಳಿಂದ ಗುಣಿಸಿದಾಗ ಸಣ್ಣದಲ್ಲ.

ನಮ್ಮಲ್ಲಿ ನಿಯಮ ತಿರುವುಮುರುವಾಗಿದೆ. 2013ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಉದ್ದದ, 1500 ಸಿಸಿಗಿಂತ ದೊಡ್ಡ ಎಂಜಿನ್ನಿನ, ನೆಲದಿಂದ 170 ಮಿಲಿಮೀಟರ್ ಎತ್ತರದ ವಾಹನಗಳ ಮೇಲಿನ ಅಬಕಾರಿ ಸುಂಕವನ್ನು ನೂರಕ್ಕೆ 27ರಿಂದ 30ಕ್ಕೆ ಏರಿಸಿದರು. ಎತ್ತರಕ್ಕೆ ಅಲ್ಲಿ ರಿಯಾಯಿತಿ, ಇಲ್ಲಿ ದಂಡ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ಜಿಎಸ್‌ಟಿಯಲ್ಲಿ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ ನೂರಕ್ಕೆ 18, ದೊಡ್ಡವಕ್ಕೆ 40. ಆದರೂ ಜನರ ಮೋಹ ಕುಗ್ಗಿಲ್ಲ. 2023-24ರಲ್ಲಿಯೇ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚು ಎತ್ತರದ ವಾಹನಗಳು. ಅವುಗಳಲ್ಲಿ ಹೆಚ್ಚಿನವು ಎರಡೇ ಚಕ್ರ ಎಳೆಯುವಂಥವು ಎಂಬುದು ಬೇರೆ ತಮಾಷೆ. ನಾಲ್ಕೂ ಚಕ್ರ ಎಳೆಯುವ ತಗ್ಗು ಸೆಡಾನು ನಮ್ಮಲ್ಲಿ ದುಬಾರಿ ಯುರೋಪಿಯನ್ ಕಾರುಗಳಲ್ಲಿ ಬಿಟ್ಟರೆ ಕಾಣಸಿಗುವುದೇ ಕಷ್ಟ. ಹಾಗಾಗಿ ಮಲೆನಾಡಿನವನಿಗೆ ಹಿಡಿತ ಬೇಕೆಂದರೆ ಎತ್ತರವನ್ನೂ ಭಾರವನ್ನೂ ಜೊತೆಗೆ ಕೊಳ್ಳದೆ ಗತಿಯಿಲ್ಲ. ಕೊಂಡಮೇಲೆ ಆ ಶಕ್ತಿಯನ್ನು ಎಲ್ಲಾದರೂ ತೋರಿಸಬೇಕಲ್ಲ! ಹಳ್ಳದ ಪಾತ್ರದಲ್ಲಿ, ಬೆಟ್ಟದ ಹುಲ್ಲುಗಾವಲಿನಲ್ಲಿ ಚಕ್ರ ಕೊರೆದ ಗುರುತುಗಳನ್ನು ನಾವೆಲ್ಲ ಕಂಡಿದ್ದೇವೆ. ಕಪ್ಪೆಗಳು ಮೊಟ್ಟೆಯಿಡುವ ಮಳೆಗಾಲದಲ್ಲೇ ಈ ಆಟಕ್ಕೆ ಹುರುಪು ಹೆಚ್ಚು. ಹುಲ್ಲಿನ ಬೇರು ಕಿತ್ತ ಗಾಲಿಯ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ. ಎರಡು ಚಕ್ರದ ಕಾರು ಅಲ್ಲಿಗೆ ಹತ್ತುತ್ತಲೇ ಇರಲಿಲ್ಲ.

ನೆರೆಯವರಿಗೆ ಇಷ್ಟೆಲ್ಲ ಹೇಳಿದೆನೆಂದಲ್ಲ. ಮಳೆ ಬಿಟ್ಟಾಗ ಅವರ ಮನೆಯ ಏರನ್ನು ಹೋಗಿ ನೋಡಿದೆ. ಕಾಂಕ್ರೀಟು ಹಾಕಿ ಎಂಟು ವರ್ಷವಾಗಿದೆ. ಎರಡೂ ಕಡೆ ಮರದ ನೆರಳು, ಬಿಸಿಲು ಬೀಳುವುದೇ ಇಲ್ಲ. ಬೆರಳಿನಿಂದ ಕೆರೆದರೆ ಹಸಿರು ಪಾಚಿ ಲೋಳೆಯಂತೆ ಬರುತ್ತಿತ್ತು. ಚರಂಡಿ ಕಟ್ಟಿಕೊಂಡು ನೀರು ರಸ್ತೆಯ ಮೇಲೇ ಹರಿಯುತ್ತಿತ್ತು. ಅವರ ಹಳೆಯ ಸಣ್ಣ ಕಾರಿನ ಮುಂದಿನ ಟೈರು ಎರಡೂ ಬೋಳು.

"ಮೊದಲು ಚರಂಡಿ ಬಿಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ಇದನ್ನ ಉಜ್ಜಿಸಿ. ಕಾಂಕ್ರೀಟಿಗೆ ಅಡ್ಡ ಗೀರು ಹಾಕಿಸಿ. ಮುಂದಿನ ಎರಡು ಟೈರು ಬದಲಾಯಿಸಿ. ಆಮೇಲೂ ಹತ್ತದಿದ್ದರೆ ಹುಡುಗ ಹೇಳಿದ್ದನ್ನ ನೋಡುವ" ಎಂದೆ.

"ಅಷ್ಟೇನಾ? ನಾನು ನೀವೇನೋ ಮಿಶಿನ್ ಹೇಳ್ತೀರಿ ಅಂತ ಬಂದೆ" ಎಂದರು ಅವರು, ಸ್ವಲ್ಪ ನಿರಾಶೆಯಿಂದಲೇ.

ಮುಂದಿನ ವಾರ ಹೋದಾಗ ಇಬ್ಬರು ಆಳುಗಳು ಗಟ್ಟಿ ಪೊರಕೆ ಹಿಡಿದು ಏರನ್ನು ಉಜ್ಜುತ್ತಿದ್ದರು. ಟೈರು ಬಂದಿತ್ತು. ಮಗ ಮಾತ್ರ ಶಿವಮೊಗ್ಗದ ಶೋರೂಮಿನಲ್ಲಿ ಮುಂಗಡ ಕೊಟ್ಟು ಬಂದಿದ್ದ.